ದೀಪ ಉರಿಯುತ್ತಿದ್ದರೆ ಬಾವಿಗೆ ಇಳಿಯಬಹುದೇ? ಪಂಪ್ ಎಂಜಿನ್ ಮತ್ತು ಕಾಣದ ವಿಷಗಾಳಿ

"ಬಾವಿಗೆ ಇಳಿಯುವ ಮೊದಲು ಒಂದು ದೀಪ ಇಳಿಸಿ ನೋಡಿ. ದೀಪ ಆರದಿದ್ದರೆ ಧೈರ್ಯವಾಗಿ ಇಳಿಯಿರಿ." ಈ ಸಲಹೆ ಅಜ್ಜಂದಿರ ಕಾಲದ್ದು, ಈಗ ಮೊಬೈಲಿಗೂ ಬರುತ್ತದೆ. ಇದರಲ್ಲಿ ಅರ್ಧ ಮಾತ್ರ ನಿಜ. ಬಾವಿಯೊಳಗೆ ಪಂಪ್ ಎಂಜಿನ್ ಓಡಿದ್ದರೆ ಉಳಿದ ಅರ್ಧ ಪ್ರಾಣ ತೆಗೆಯಬಹುದು.

ಎಂಜಿನ್ ಬಾವಿಯೊಳಗೆ ಹೋಗುವುದಾದರೂ ಏಕೆ? ಅಮ್ಮತ್ತಿ, ಸಿದ್ದಾಪುರ, ಪಾಲಿಬೆಟ್ಟದ ಕಡೆಯ ಕಾಫಿ ತೋಟಗಳನ್ನೇ ನೋಡೋಣ. ರೊಬಸ್ಟಾ ಮೊಗ್ಗು ಅರಳಲು ಫೆಬ್ರವರಿ–ಮಾರ್ಚ್‌ನಲ್ಲಿ ಹೂಮಳೆ ಬೇಕು. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಬೇಕು. ಆದರೆ ಕೆರೆ, ಬಾವಿಗಳ ನೀರು ಇಳಿಯುವುದೂ ಅದೇ ದಿನಗಳಲ್ಲಿ. ಕಳೆದ ವಾರ ಚೆನ್ನಾಗಿ ನೀರೆತ್ತುತ್ತಿದ್ದ ಎಂಜಿನ್ ಈ ವಾರ ಬರೀ ಸದ್ದು ಮಾಡುತ್ತದೆ, ಪೈಪಿನಲ್ಲಿ ನೀರಿಲ್ಲ. ಆಗ ಸಿಗುವ ಉಪದೇಶ: "ಹೆಚ್ಚು ಎಚ್‌ಪಿ ಎಂಜಿನ್ ತನ್ನಿ, ಎಳೆಯುತ್ತದೆ."

ಎಳೆಯುವುದಿಲ್ಲ. ದಡದ ಮೇಲಿನ ಪಂಪ್ ನೀರನ್ನು ಎಳೆಯುವುದೇ ಇಲ್ಲ. ಅದು ಪೈಪಿನೊಳಗಿನ ಗಾಳಿಯ ಒತ್ತಡ ಕಡಿಮೆ ಮಾಡುತ್ತದೆ, ಅಷ್ಟೆ. ನೀರನ್ನು ಮೇಲಕ್ಕೆ ತಳ್ಳುವುದು ಬಾವಿಯ ನೀರಿನ ಮೇಲೆ ಕುಳಿತಿರುವ ವಾತಾವರಣದ ಗಾಳಿ. ಸಮುದ್ರಮಟ್ಟದಲ್ಲಿ ಆ ಗಾಳಿ ಎಷ್ಟೇ ತಳ್ಳಿದರೂ ನೀರು ಏರುವುದು 10.3 ಮೀಟರ್ ಮಾತ್ರ. ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ ಗಾಳಿ ತೆಳು, ಮಿತಿ ಸುಮಾರು 9.3 ಮೀಟರಿಗೆ ಇಳಿಯುತ್ತದೆ. ಪೈಪಿನ ಘರ್ಷಣೆ, ಸಣ್ಣಪುಟ್ಟ ಸೋರಿಕೆ ಕಳೆದರೆ ನಿಜವಾಗಿ ಸಿಗುವುದು 6–7 ಮೀಟರ್. ಐದು ಎಚ್‌ಪಿ ಇರಲಿ, ಐವತ್ತು ಇರಲಿ, ಈ ಲೆಕ್ಕ ಬದಲಾಗದು. ಎಂಜಿನ್ನಿನ ಶಕ್ತಿ ಕೆಲಸಕ್ಕೆ ಬರುವುದು ಪಂಪ್‌ನಿಂದ ಮುಂದಕ್ಕೆ ನೀರು ತಳ್ಳಲು.

ಹಾಗಂತ ಎತ್ತರವನ್ನೇ ಮೊದಲು ದೂರಬೇಕಿಲ್ಲ. ಫುಟ್‌ವಾಲ್ವ್‌ನಲ್ಲಿ ಎಲೆ ಸಿಕ್ಕಿಕೊಂಡು ಪೈಪಿಗೆ ತುಂಬಿದ ನೀರು ವಾಪಸ್ ಇಳಿದಿರಬಹುದು. ಸಕ್ಷನ್ ಪೈಪಿನ ಜಾಯಿಂಟ್ ಗಾಳಿ ಕುಡಿಯುತ್ತಿರಬಹುದು. ಪಂಪ್ ಓಡುವಾಗ ಇಂಥ ಜಾಗದಿಂದ ನೀರು ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಇದು ಕಣ್ಣಿಗೆ ಬೀಳುವುದಿಲ್ಲ. ಇವೆಲ್ಲ ಸರಿಯಿದ್ದೂ ನೀರು ಬಾರದಿದ್ದರೆ ಎತ್ತರದ್ದೇ ತೊಂದರೆ.

ಆಗ ಹಗ್ಗ ಕಟ್ಟಿ ಎಂಜಿನ್ನನ್ನೇ ಬಾವಿಯೊಳಗಿನ ಕಟ್ಟೆಗೆ ಇಳಿಸುತ್ತಾರೆ. ತೆರೆದ ಕೆರೆಯ ದಂಡೆಯಲ್ಲಿ ನಾಲ್ಕು ಮೆಟ್ಟಿಲು ಕೆಳಗಿಟ್ಟರೆ ಅಷ್ಟು ಅಪಾಯವಿಲ್ಲ. ಬಾವಿಯ ಮಾತು ಬೇರೆ. ಪೆಟ್ರೋಲ್ ಮತ್ತು ಸೀಮೆಎಣ್ಣೆ ಎಂಜಿನ್ನುಗಳ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಬಹಳ ಇರುತ್ತದೆ. ಡೀಸೆಲ್‌ನಲ್ಲಿ ಕಡಿಮೆ, ಆದರೆ ಇಲ್ಲವೆಂದಲ್ಲ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಗಾಳಿಯಾಡದ ಬಾವಿಯಿಂದ ಬೇಗ ಹೊರಬೀಳದು. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಇಲ್ಲೇ ಒಂದು ಮೋಸವಿದೆ. ಹೊಗೆ ತುಂಬಿ ಆಮ್ಲಜನಕ ಕಡಿಮೆಯಾದಾಗ ಎಂಜಿನ್ ತಾನೇ ಮುಗ್ಗರಿಸಿ ನಿಲ್ಲುತ್ತದೆ. ಮೇಲಿದ್ದವರಿಗೆ ಅದು ಎಂಜಿನ್ನಿನ ದೋಷವಾಗಿ ಕಾಣುತ್ತದೆ. "ಪ್ಲಗ್ ಹೋಗಿರಬೇಕು, ನೋಡಿ ಬರ್ತೀನಿ" ಎಂದು ಒಬ್ಬರು ಇಳಿಯುತ್ತಾರೆ. ಬಾವಿಯಲ್ಲಿ ವಿಷಗಾಳಿ ಅತಿ ಹೆಚ್ಚಾಗಿರುವ ಹೊತ್ತು ಅದೇ.

ದೀಪ ಏಕೆ ಎಚ್ಚರಿಸುವುದಿಲ್ಲ? ಮೇಣದಬತ್ತಿ ಆರುವುದು ಆಮ್ಲಜನಕ ಶೇ 21ರಿಂದ ಸುಮಾರು ಶೇ 16ಕ್ಕೆ ಇಳಿದಾಗ. ಗಾಳಿಯಲ್ಲಿ ಬರೀ ಶೇ 1ರಷ್ಟು ಕಾರ್ಬನ್ ಮಾನಾಕ್ಸೈಡ್ ಇದ್ದರೆ ಮನುಷ್ಯ ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪುತ್ತಾನೆ, ದೀಪ ಮಾತ್ರ ಹಾಯಾಗಿ ಉರಿಯುತ್ತಿರುತ್ತದೆ. ಆದ್ದರಿಂದ ದೀಪ ಆರಿದರೆ ಇಳಿಯಲೇಬಾರದು. ಆರದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಪೆಟ್ರೋಲ್ ಚೆಲ್ಲಿದ್ದರೆ ದೀಪವೇ ಬೆಂಕಿ ಹಚ್ಚಬಹುದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತದೆ. ಒಳಗೆ ಪೆಟ್ರೋಲ್ ಎಂಜಿನ್ ಇರುವ ಮೋಟಾರ್ ಬೋಟುಗಳಲ್ಲಿ ಸ್ಟಾರ್ಟ್ ಮಾಡುವ ಮೊದಲು ಬ್ಲೋಯರ್ ಹಾಕಿ ದೋಣಿತಳದ ಗಾಳಿ ಹೊರಹಾಕುವುದು ಇದಕ್ಕೇ.

ಆಳದ ನೀರಿಗೆ ಸರಿಯಾದದ್ದು ಸಬ್‌ಮರ್ಸಿಬಲ್ ಪಂಪ್. ಅದು ಕೆಳಗಿನಿಂದ ನೀರನ್ನು ತಳ್ಳುತ್ತದೆ, ಹೊಗೆಯಿಲ್ಲ. ಜನರೇಟರ್ ಬಳಸಿದರೆ ಅದನ್ನು ಬಾವಿಯ ಬಾಯಿಂದ ದೂರವಿಡಿ. ಕರೆಂಟ್ ಇರುವಾಗ ಯಾರೂ ನೀರಿಗಿಳಿಯಬಾರದು.

ಬಾವಿಯಲ್ಲಿ ಯಾರಾದರೂ ಕುಸಿದರೆ ಹಿಂದೆಯೇ ಇಳಿಯಬೇಡಿ. ಕಾಪಾಡಲು ಹೋದವರೂ ಅದೇ ಗಾಳಿ ಉಸಿರಾಡಬೇಕು. 112ಕ್ಕೆ ಕರೆ ಮಾಡಿ. ಉಸಿರಾಟದ ಸಲಕರಣೆ ಇರುವ ಅಗ್ನಿಶಾಮಕದವರು ಬರಲಿ. ಮೇಲೆ ಬಂದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಇದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ, ಆಮ್ಲಜನಕ ಬೇಕಾಗುತ್ತದೆ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೆರಳಿಗೆ ಹಾಕಿ 98 ಕಂಡರೂ ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಆ ಯಂತ್ರ ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ. ಎಂಜಿನ್ ಹೊಗೆ ಕುಡಿದಿದ್ದಾರೆ ಎಂದು ಡಾಕ್ಟರಿಗೆ ನೀವೇ ಹೇಳಿ. ಆಗ ಅವರು ಬೇರೆ ರಕ್ತಪರೀಕ್ಷೆ ಮಾಡಿಸುತ್ತಾರೆ.