ಮಗಳು ಆಟ ಬರೀತಾಳಂತೆ!

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಬರೆದವರು ಒಬ್ಬ ತಾಯಿ. ಮಗಳು ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದಾಳೆ. ಬ್ಯಾಂಕ್ ಪರೀಕ್ಷೆಯ ಕ್ಲಾಸಿಗೆ ಕಟ್ಟಿದ ಫೀಸು ದಂಡವಾಗಿದೆ. "ಅಮ್ಮ, ನಾನು ಕಂಪ್ಯೂಟರ್ ಆಟಗಳಿಗೆ ಕತೆ ಬರೀತೀನಿ, ಮ್ಯೂಸಿಯಮ್ಮಿನಲ್ಲೂ ಕೆಲಸ ಮಾಡ್ತೀನಿ" ಅಂತ ಹುಡುಗಿಯ ಹಟ. ಅಪ್ಪ ಮಾತು ಬಿಟ್ಟು ಹದಿನೈದು ದಿನವಾಯಿತಂತೆ. "ಗಂಡಿನ ಕಡೆಯವರು ಕೇಳಿದ್ರೆ ಏನಂತ ಹೇಳಲಿ?" ಎಂದು ಆ ತಾಯಿಯ ಸಂಕಟ.

ಸುಳ್ಳೇಕೆ, ಮೊದಲು ನನಗೂ ನಗು ಬಂತು. ಆಟ ಆಡುತ್ತಾರೆ, ಸರಿ; ಬರೆಯುವುದೆಂದರೇನು? ಪಕ್ಕದ ಮನೆಯ ಹುಡುಗನನ್ನು ಕೂರಿಸಿಕೊಂಡು ಕೇಳಿದೆ. ನಾವು ಚೌಕಾಬಾರ ಆಡುವಾಗ ಕವಡೆ ಬಿದ್ದಂತೆ ಕಾಯಿ ನಡೆಯುತ್ತದೆ, ಅಲ್ಲವೇ? ಇಲ್ಲಿ ಕಾಯಿಯ ಬದಲು ಒಬ್ಬ ಮನುಷ್ಯ ನಡೆಯುತ್ತಾನೆ. ಬಾಗಿಲು ತಟ್ಟಿದರೆ ಒಳಗಿನ ಅಜ್ಜಿ ಒಂದು ಮಾತಾಡಬೇಕು, ತಟ್ಟದೆ ಹೋದರೆ ಕತೆ ಬೇರೆ ದಾರಿ ಹಿಡಿಯಬೇಕು. ಆ ಮಾತು, ಆ ದಾರಿ ಎಲ್ಲವನ್ನೂ ಯಾರೋ ಕೂತು ಬರೆದಿರುತ್ತಾರೆ.

ಇದಕ್ಕೂ ಮ್ಯೂಸಿಯಮ್ಮಿಗೂ ಏನು ನಂಟು ಅಂತೀರಾ? ಇಟಲಿಯ ನೇಪಲ್ಸ್ ನಗರದ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ 2017ರಲ್ಲಿ 'ಫಾದರ್ ಅಂಡ್ ಸನ್' ಎಂಬ ಆಟವನ್ನು ಹೊರತಂದಿತು, ಅದೂ ಬಿಟ್ಟಿಯಾಗಿ. ಮೈಕೆಲ್ ಎಂಬ ತರುಣ, ಪುರಾತತ್ವ ತಜ್ಞನಾದ ತಂದೆಯನ್ನು ಅರಿತವನೇ ಅಲ್ಲ. ತಂದೆ ತೀರಿಕೊಂಡ ಮೇಲೆ ಒಂದು ಪತ್ರ ಹಿಡಿದು ನೇಪಲ್ಸ್‌ಗೆ ಬರುತ್ತಾನೆ. ಮ್ಯೂಸಿಯಮ್ಮಿನ ವಸ್ತುಗಳ ಮುಂದೆ ನಿಂತಾಗ ಹಳೆಯ ರೋಮ್, ಈಜಿಪ್ಟ್ ಕಣ್ಣೆದುರು ಬರುತ್ತವೆ. ಹೊಡೆದಾಟವಿಲ್ಲ, ಗುಂಡಿನ ಸದ್ದಿಲ್ಲ. ಆಟದ ಕೆಲವು ಭಾಗ ತೆರೆಯಬೇಕಾದರೆ ಮಾತ್ರ ಮ್ಯೂಸಿಯಮ್ಮಿಗೇ ಹೋಗಬೇಕಿತ್ತು. ಜಾಣತನ ನೋಡಿ!

ಇಂಥದ್ದನ್ನು ಬರೆಯಲು ಇತಿಹಾಸ ಗೊತ್ತಿರಬೇಕು ಕಣ್ರೀ. ಗೊತ್ತಿಲ್ಲದವರು ಬರೆದರೆ ರೋಮಿನ ಅಡುಗೆಮನೆಯಲ್ಲಿ ಟೊಮೆಟೊ ಹೆಚ್ಚಿಸಿಬಿಡುತ್ತಾರೆ! ಅದು ಅಮೆರಿಕದಿಂದ ಯೂರೋಪಿಗೆ ಬಂದದ್ದೇ 16ನೇ ಶತಮಾನದಲ್ಲಿ. ನಾವು ದಿನಾ ಒಗ್ಗರಣೆಗೆ ಹಾಕುವ ಮೆಣಸಿನಕಾಯಿಯೂ ಪೋರ್ಚುಗೀಸರು ಬಂದ ಮೇಲಿನದು. ಹಕ್ಕ ಬುಕ್ಕರ ಕತೆ ಬರೆಯುವವಳು ಸಾರಿಗೆ ಕರಿಮೆಣಸೇ ಕುಟ್ಟಿಸಬೇಕು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಇರ್ವಿಂಗ್ ಫಿಂಕೆಲ್ ಅವರ ವಿಷಯವೂ ಸ್ವಾರಸ್ಯವಾಗಿದೆ. ಇರಾಕಿನ ಊರ್ ಎಂಬಲ್ಲಿ 1920ರ ದಶಕದಲ್ಲಿ ಅಗೆದಾಗ ಸುಮಾರು 4,500 ವರ್ಷ ಹಳೆಯ ಆಟದ ಮಣೆಗಳು ಸಿಕ್ಕವು. ಆಡುವುದು ಹೇಗೆ? ಕ್ರಿ.ಪೂ. 177ರ ಒಂದು ಜೇಡಿಮಣ್ಣಿನ ಹಲಗೆಯ ಬರಹ ಓದಿ, ಫಿಂಕೆಲ್ ನಿಯಮಗಳನ್ನು ಬಿಡಿಸಿದರು. ಅದೇ ಬಗೆಯ ಆಟವನ್ನು ನಮ್ಮ ಕೊಚ್ಚಿಯ ಯೆಹೂದಿ ಮನೆಗಳಲ್ಲಿ ಕಳೆದ ಶತಮಾನದವರೆಗೂ ಆಡುತ್ತಿದ್ದರಂತೆ! ದೂರವೇಕೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಮಣೆಯಾಟಗಳನ್ನು ರಚಿಸಿದವರು. ಅದೇ ಊರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಆಟಗಳ ಪ್ರದರ್ಶನ ನಡೆಸಿದ್ದಾರೆ.

ಇನ್ನು ದುಡ್ಡಿನ ಮಾತು. ಅಪ್ಪನ ಕೋಪ ಪೂರ್ತಿ ತಪ್ಪೆಂದು ನಾನು ಹೇಳಲಾರೆ. ಆಟ ಬರೆಯುವ ಕೆಲಸ ಹೆಚ್ಚಾಗಿ ಗುತ್ತಿಗೆಯದು. ಒಂದು ಆಟ ಮುಗಿದರೆ ಮುಂದಿನದು ಸಿಗುವವರೆಗೆ ಕೈ ಖಾಲಿ. 2023, 2024ರಲ್ಲಿ ದೊಡ್ಡ ದೊಡ್ಡ ಕಂಪನಿಗಳೇ ಜನರನ್ನು ಮನೆಗೆ ಕಳಿಸಿದವು. ಮ್ಯೂಸಿಯಮ್ಮಿನ ಕಾಯಂ ಹುದ್ದೆಗಳೂ ಬೆರಳೆಣಿಕೆ. ಹಾಗಾಗಿ ಎರಡನ್ನೂ ಹಿಡಿಯಬೇಕೆನ್ನುವ ಹುಡುಗಿಯ ಲೆಕ್ಕ ನನಗೇನೋ ಹುಚ್ಚಾಗಿ ಕಾಣಲಿಲ್ಲ.

ಆದರೆ ತಾಯಿ, ಬರೀ ಬಾಯಿಮಾತಿಗೆ ಒಪ್ಪಬೇಡಿ. ಎರಡು ವರ್ಷ ಗಡುವು ಕೊಡಿ. ಅಷ್ಟರಲ್ಲಿ ಮ್ಯೂಸಿಯಂ ವಿದ್ಯೆ ಕಲಿಯಲಿ. ಬರೋಡದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1952ರಿಂದಲೇ ಅದಕ್ಕೊಂದು ವಿಭಾಗವಿದೆ. ಅಷ್ಟು ದೂರ ಕಳಿಸಲು ಮನಸ್ಸಿಲ್ಲವೇ? ಹತ್ತಿರದ ಮ್ಯೂಸಿಯಮ್ಮಿಗೆ ಹೋಗಿ, ವಸ್ತುಗಳ ಚೀಟಿ ಬರೆದುಕೊಡುತ್ತೇನೆ ಅಂತ ಕೇಳಲಿ. ಕೈಖರ್ಚಿಗೆ ನಾಲ್ಕು ಮಕ್ಕಳಿಗೆ ಪಾಠ ಹೇಳಲಿ. ರಾತ್ರಿ 'ಟ್ವೈನ್' ಎಂಬ ಬಿಟ್ಟಿ ಸಾಧನದಲ್ಲಿ ಕವಲೊಡೆಯುವ ಒಂದು ಪುಟ್ಟ ಕತೆ ಮಾಡಲಿ. ನಿಮ್ಮೂರಿನ ವೀರಗಲ್ಲಿನದೇ ಆಗಬಹುದು.

ಗಂಡಿನ ಕಡೆಯವರಿಗೆ "ಹುಡುಗಿ ಕತೆ ಬರೀತಾಳೆ, ಮ್ಯೂಸಿಯಂ ಕೆಲಸ ಕಲೀತಿದ್ದಾಳೆ" ಅಂದುಬಿಡಿ. ಮುಚ್ಚಿಡುವಂಥದ್ದು ಅದರಲ್ಲೇನಿದೆ? ಆ ಪುಟ್ಟ ಆಟ ಮುಗಿದ ದಿನ, ಸಂಜೆ ಕಾಫಿ ಕೊಟ್ಟು, ಮೊದಲು ಅಪ್ಪನ ಕೈಗೇ ಕೊಡಿಸಿ. ಅವರು ಯಾವ ಬಾಗಿಲು ತಟ್ಟಿದರು ಅಂತ ನನಗೆ ಮರೆಯದೆ ಬರೀರಿ.