ಯಂತ್ರಕ್ಕೆ ಮುನ್ನ ಲೆಕ್ಕದ ಕ್ರಮ

ಲೆಕ್ಕಾಚಾರ ನಿಧಾನವಾದೊಡನೆ ಹೆಚ್ಚು ಸಾಮರ್ಥ್ಯದ ಗಣಕಯಂತ್ರ ಖರೀದಿಸುವುದು ಅನೇಕ ಉದ್ದಿಮೆಗಳ ವಾಡಿಕೆ. ದೋಷವು ಯಂತ್ರದಲ್ಲಿರದೆ ಲೆಕ್ಕದ ಕ್ರಮದಲ್ಲಿಯೂ ಇರಬಹುದು.

ಗ್ರಾಹಕ, ಸರಕು, ತಿಂಗಳು ಹೀಗೆ ಹಲವು ಆಯಾಮಗಳಲ್ಲಿ ಜೋಡಿಸಿದ ಅಂಕಿಪಟ್ಟಿಯನ್ನು ಗಣಿತದಲ್ಲಿ ಟೆನ್ಸರ್ ಎನ್ನುತ್ತಾರೆ. ಎರಡು ಪಟ್ಟಿಗಳಿಗೆ ಸಮಾನವಾದ ಆಯಾಮದಲ್ಲಿ ಗುಣಿಸಿ, ಕೂಡಿಸಿ, ಆ ಆಯಾಮವನ್ನು ಅಳಿಸುವುದೇ ಟೆನ್ಸರ್ ಸಂಕೋಚನ.

ಒಂದು ಕಾರ್ಖಾನೆಗೆ 100 ಗ್ರಾಹಕರು, 500 ಸರಕುಗಳು, 200 ಕಚ್ಚಾಸಾಮಗ್ರಿಗಳು ಇವೆಯೆಂದು ಭಾವಿಸಿದರೆ, ಪ್ರತಿ ಗ್ರಾಹಕನ ಬೇಡಿಕೆಗೆ ತಗಲುವ ಸಾಮಗ್ರಿ ವೆಚ್ಚವನ್ನು ಎರಡು ಬಗೆಯಲ್ಲಿ ಪಡೆಯಬಹುದು. ಮೊದಲು ಬೇಡಿಕೆಯನ್ನು ಸಾಮಗ್ರಿಗಳಾಗಿ ವಿಂಗಡಿಸಿ ಅನಂತರ ದರ ಹಾಕಿದರೆ 1,00,20,000 ಗುಣಾಕಾರಗಳು. ಮೊದಲು ಪ್ರತಿ ಸರಕಿನ ವೆಚ್ಚ ಕಂಡುಕೊಂಡು ಅನಂತರ ಬೇಡಿಕೆಯಿಂದ ಗುಣಿಸಿದರೆ 1,50,000 ಮಾತ್ರ. ಉತ್ತರ ಒಂದೇ.

ವಿಜ್ಞಾನದಲ್ಲಿಯೂ ಇದೇ ಅನುಭವ. ತನ್ನ ಕ್ವಾಂಟಮ್ ಯಂತ್ರವು 200 ಸೆಕೆಂಡುಗಳಲ್ಲಿ ಮುಗಿಸಿದ ಕಾರ್ಯಕ್ಕೆ ಸೂಪರ್ ಕಂಪ್ಯೂಟರಿಗೆ 10,000 ವರ್ಷ ಬೇಕೆಂದು 2019ರಲ್ಲಿ ಗೂಗಲ್ ಸಂಸ್ಥೆ ಸಾರಿತ್ತು. ಉತ್ತಮ ಸಂಕೋಚನ ವಿಧಾನವೊಂದನ್ನು ರೂಪಿಸಿದ ಚೀನಾದ ವಿಜ್ಞಾನಿಗಳು, 512 ಗ್ರಾಫಿಕ್ಸ್ ಪ್ರೊಸೆಸರುಗಳಿಂದ ಅದನ್ನು ಸುಮಾರು 15 ಗಂಟೆಗಳಲ್ಲಿ ಸಾಧಿಸಿದ ವಿವರವನ್ನು 2022ರಲ್ಲಿ ಪ್ರಕಟಿಸಿದರು.

ಆದುದರಿಂದ ಹೊಸ ಯಂತ್ರಕ್ಕೆ ಬಂಡವಾಳ ಹೂಡುವ ಮುನ್ನ, ಲೆಕ್ಕವು ಯಾವ ಕ್ರಮದಲ್ಲಿ ನಡೆಯುತ್ತಿದೆಯೆಂಬ ವಿವರಣೆಯನ್ನು ಉದ್ಯಮಿಗಳು ತಮ್ಮ ತಂತ್ರಾಂಶ ಪೂರೈಕೆದಾರರಿಂದ ಕೇಳಿ ಪಡೆಯುವುದು ಉಚಿತ.