ಪ್ರಿಂಟರ್ ಕೆಟ್ಟಿಲ್ಲ ಕಣ್ರೀ, ಅದರ ವಿಳಾಸ ಬದಲಾಗಿದೆ!

"ಪ್ರಿಂಟರ್ ಹೋಗದೆ ಸಾ, ಹೊಸದು ತಗಳಿ." ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ... ನಾಲ್ಕೂ ತಾಲ್ಲೂಕುಗಳಲ್ಲಿ ನನ್ನ ನೆಂಟರಿದ್ದಾರೆ, ನಾಲ್ಕೂ ಕಡೆ ರಿಪೇರಿಯವರು ಹೇಳುವುದು ಇದೊಂದೇ ಮಾತು. ಹೊಸದು ಬೇಡ ಅಂದರೆ ಡ್ರೈವರ್ ತೆಗೆದು ಮತ್ತೆ ಹಾಕಿ ಐನೂರು ರೂಪಾಯಿ ಇಸ್ಕೊಂಡು ಹೋಗುತ್ತಾರೆ. ಒಂದು ವಾರ ಚೆನ್ನಾಗಿರುತ್ತದೆ. ಒಮ್ಮೆ ಕರೆಂಟ್ ಹೋಗಿ ಬಂತೋ, ಮತ್ತೆ ‘ಆಫ್‌ಲೈನ್’!

ಕರೆಂಟಿಗೂ ಆಫ್‌ಲೈನಿಗೂ ಏನು ಸಂಬಂಧ ಅಂತೀರಾ? ಅಲ್ಲೇ ಇರೋದು ಗುಟ್ಟು. ಮನೆಯ ರೂಟರು ಫೋನು, ಟಿವಿ, ಪ್ರಿಂಟರು ಎಲ್ಲಕ್ಕೂ ಒಂದೊಂದು ಐಪಿ ವಿಳಾಸ ಹಂಚುತ್ತದೆ. ಖಾಯಂ ಅಲ್ಲ, ಬಾಡಿಗೆಗೆ. ಕರೆಂಟ್ ಹೋಗಿ ಬಂದ ಮೇಲೆ ಎಷ್ಟೋ ರೂಟರುಗಳಿಗೆ ಹಳೇ ಲೆಕ್ಕ ನೆನಪಿರುವುದಿಲ್ಲ. ನಿನ್ನೆ 192.168.1.5ರಲ್ಲಿದ್ದ ಪ್ರಿಂಟರು ಇವತ್ತು 192.168.1.8ಕ್ಕೆ ಹೋಗಿರುತ್ತದೆ, 5ರಲ್ಲಿ ಯಾರದೋ ಮೊಬೈಲು ಕೂತಿರುತ್ತದೆ. ಕಂಪ್ಯೂಟರು ಮಾತ್ರ ಹಳೇ ಮನೆ ಬಾಗಿಲನ್ನೇ ತಟ್ಟುತ್ತಿರುತ್ತದೆ. ಇದಕ್ಕೆ ಡ್ರೈವರ್ ಏನು ಮಾಡೀತು ಸ್ವಾಮಿ?

ಮದ್ದು ಹತ್ತು ನಿಮಿಷದ್ದು. ರೂಟರಿನ ಪುಟ ತೆರೆಯಿರಿ (ಅದರ ವಿಳಾಸ, ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರಿನ ತಳದ ಚೀಟಿಯಲ್ಲೇ ಇರುತ್ತದೆ). ಡಿಎಚ್‌ಸಿಪಿ ವಿಭಾಗದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಹುಡುಕಿ, ಪ್ರಿಂಟರಿನ ಮ್ಯಾಕ್ ಅಡ್ರೆಸ್‌ಗೆ ಒಂದು ಐಪಿ ಖಾಯಂ ಮಾಡಿ, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ಆಮೇಲೆ ವಿಂಡೋಸ್‌ನಲ್ಲಿ ಪ್ರಿಂಟರ್ ಸೇರಿಸುವಾಗ ತಾನಾಗಿ ಹುಡುಕಲು ಬಿಡದೆ, ಟಿಸಿಪಿ/ಐಪಿ ಆಯ್ಕೆಯಲ್ಲಿ ಆ ವಿಳಾಸವನ್ನೇ ಕೊಡಿ. ಒಮ್ಮೆ ಹೀಗೆ ಮಾಡಿಕೊಟ್ಟರೆ ಗಿರಾಕಿ ಮತ್ತೆ ಕರೆಯೋದಿಲ್ವಲ್ಲ, ಅದಕ್ಕೇ ಯಾರೂ ಮಾಡಿಕೊಡೋದಿಲ್ಲ ಅನ್ನೋದು ನನ್ನ ಗುಮಾನಿ.

ನಾಗಮಂಗಲದ ನಮ್ಮ ಚಿಕ್ಕಮ್ಮನ ಮಗಳು ಕಾಲೇಜಿನ ಅರ್ಜಿಯ ಕೊನೇ ದಿನ, ಮನೇಲಿ ಸರಿಯಾಗಿರೋ ಪ್ರಿಂಟರ್ ಇಟ್ಟುಕೊಂಡು, ನಾಲ್ಕು ಹಾಳೆಗೆ ಆಟೋ ಹಿಡಿದು ಪೇಟೆಗೆ ಓಡಿದ್ದಾಳೆ. ಮಾರನೇ ದಿನ ಚಿಕ್ಕಮ್ಮ ಹನ್ನೆರಡು ಸಾವಿರದ ಹೊಸ ಪ್ರಿಂಟರಿಗೆ ಮುಂಗಡ ಕೊಡಲು ಹೊರಟಿದ್ದರು. ಇದು ಹಗಲು ದರೋಡೆ ಅಲ್ಲದೆ ಮತ್ತೇನು?

ಕೆ.ಆರ್.ಪೇಟೆ ಕಡೆಯ ಮಾವನವರದು ಹಳೇ ತೊಟ್ಟಿಮನೆ, ದಪ್ಪ ಮಣ್ಣಿನ ಗೋಡೆ. ಫೈಬರ್ ಪೆಟ್ಟಿಗೆಯ ವೈಫೈ ಒಳಕೋಣೆಗೆ ಸಿಗುವುದಿಲ್ಲವೆಂದು ಎರಡನೇ ರೂಟರ್ ಮಾರಿ ಹೋಗಿದ್ದರು. ಪ್ರಿಂಟರು ಒಂದರಲ್ಲಿ, ಫೋನುಗಳು ಇನ್ನೊಂದರಲ್ಲಿ. ಒಂದೇ ಸೂರಿನಡಿ ಎರಡು ಒಲೆ! ಫೋನು ಎಷ್ಟು ಹುಡುಕಿದರೂ ಪ್ರಿಂಟರ್ ಕಾಣಲಿಲ್ಲ. ಎರಡನೆಯದನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ತಿರುಗಿಸಿದರೆ ಮುಗೀತು. ಇನ್ನೊಂದು ಮಾತು: ಅಗ್ಗದ ಪ್ರಿಂಟರುಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, 5ರ ಹೆಸರು ಅವುಗಳ ಪಟ್ಟಿಯಲ್ಲೇ ಬರೋಲ್ಲ.

ಇನ್ನು ಯೂಟ್ಯೂಬ್ ಪಂಡಿತರು. ಒಂದು ಕಂಪ್ಯೂಟರಿಗೆ ಕೇಬಲ್ ಹಾಕಿ, ಅಲ್ಲಿಂದ ಪ್ರಿಂಟರ್ ಷೇರ್ ಮಾಡಿದವರಿಗೆ ಕೊನೆಯಲ್ಲಿ 11ಬಿ ಇರುವ ಎರರ್ ಪರಿಚಯವಿರಬೇಕು. 2021ರ ಜುಲೈಯಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ತೂತು ಮುಚ್ಚಲು ಮೈಕ್ರೋಸಾಫ್ಟ್ ತುರ್ತು ಪ್ಯಾಚ್ ಕೊಟ್ಟಿತು. ಅದೇ ಸೆಪ್ಟೆಂಬರಿನ ಅಪ್‌ಡೇಟ್ ಪ್ರಿಂಟ್ ಸ್ಪೂಲರಿನ ಇನ್ನೊಂದು ತೂತಿಗೆ ಬೀಗ ಜಡಿಯಿತು; ಆಗ ಶುರುವಾಯಿತು ಈ ಎರರ್. ಪಂಡಿತರ ಉಪಾಯ? ಅಪ್‌ಡೇಟ್ ಕಿತ್ತುಹಾಕಿ, ಇಲ್ಲವೇ ರಿಜಿಸ್ಟ್ರಿಯಲ್ಲಿ 1 ಇದ್ದಲ್ಲಿ 0 ಮಾಡಿ. ಬಾಗಿಲು ಬಿಗಿಯಾಯಿತೆಂದು ಬೀಗವನ್ನೇ ಒಡೆಯೋದಾ? ಪಾಂಡವಪುರದ ನೆಂಟರೊಬ್ಬರ ಅಂಗಡಿಯಲ್ಲಿ ಊರಿನವರ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನುಗಳೆಲ್ಲ ಇರುವ ಕಂಪ್ಯೂಟರಿಗೇ ಹೀಗೆ ಮಾಡಿದ್ದರು! ಎರಡೂ ಕಂಪ್ಯೂಟರುಗಳನ್ನು ಅಪ್‌ಡೇಟ್ ಮಾಡಿ ನೋಡಿ. ಒಂದರಲ್ಲಿ ಇನ್ನೂ ವಿಂಡೋಸ್ 7 ಇದ್ದು ದಾರಿ ಕಾಣದಿದ್ದರೆ, ಪ್ರಿಂಟರಿನಲ್ಲಿ ವೈಫೈ ಇದೆಯಾ ನೋಡಿ, ಕೇಬಲ್ ಕಿತ್ತು ನೇರ ರೂಟರಿಗೇ ಸೇರಿಸಿ, ಮೇಲೆ ಹೇಳಿದ ಹಾಗೆ ವಿಳಾಸ ಖಾಯಂ ಮಾಡಿ. ನಡುವೆ ಕಂಪ್ಯೂಟರಿನ ದಲ್ಲಾಳಿ ಕೆಲಸವೇ ಬೇಡ.